ಮಷಿನ್ ಒಳಗಿನ ಮಷಿನ್

ಜ್ಞಾನೇಶ್ ಬೇಕೆಂದೇ ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಹಾಗೆಂದು ಅವರ ಮುಖಕ್ಕೇ ಹೇಳಿದೆ.

"ಸರ್ವರ್‌ನಲ್ಲಿ ಏನೋ ಬಂದ್ ಮಾಡಿದ್ದೀರ. ಆಗಸ್ಟ್‌ನಲ್ಲಿ ನಡೀತಿದ್ದ ಲ್ಯಾಬ್ ಈಗ್ಯಾಕೆ ನಡೀತಿಲ್ಲ?"

ಅವರು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ನಿಮ್ ಹುಡುಗ್ರು ಏನ್ ಕೆಡಿಸಿದ್ದಾರೋ ನೋಡ್ಕೊಳ್ಳಿ ಮೇಡಂ."

ಮೈಯೆಲ್ಲ ಉರಿದುಹೋಯಿತು. ಭದ್ರಾವತಿಯ ಈ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ, ಶಿವಮೊಗ್ಗದ ಗೋಪಾಳದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವವಳು. ಮರುದಿನ ಹತ್ತಕ್ಕೆ ಹೊರಗಿನ ಪರೀಕ್ಷಕರ ಎದುರು ಪ್ರಾಕ್ಟಿಕಲ್ ಪರೀಕ್ಷೆ. ಅದು ನಡೆಯದಿದ್ದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಇಂಪನಾ ಎಂಬ ಹೆಸರು ಇರುವುದಿಲ್ಲ ಎಂದು ವಿಭಾಗದ ಮುಖ್ಯಸ್ಥ ಓಂಕಾರಪ್ಪ ಸರ್ ಬೆಳಿಗ್ಗೆಯೇ ತಿಳಿಸಿದ್ದರು. ಸಿಸ್ಟಮ್ ಅಡ್ಮಿನ್ ಜ್ಞಾನೇಶ್ ಕಾಯಂ ನೌಕರ. ಅವರಿಗೇನು ಭಯ?

ಪರೀಕ್ಷೆ ಇಷ್ಟೇ. ಕಾಲೇಜಿನ ಹಳೆಯ ಸರ್ವರ್ ಒಳಗೆ ಪ್ರತಿ ವಿದ್ಯಾರ್ಥಿಗೂ ಒಂದು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್, ಇದೆ. ಅದರೊಳಗೆ ಅವರು ಇಂಥ ಮಷಿನ್‌ಗಳನ್ನು ಓಡಿಸುವ ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಹಾಕಿ ಇನ್ನೊಂದು ಪುಟ್ಟ ಮಷಿನ್ ಎಬ್ಬಿಸಬೇಕು. ಮನೆಯೊಳಗೊಂದು ಮನೆ ಕಟ್ಟಿದ ಹಾಗೆ. ಈಗ ಹೊರಗಿನದು ಸರಿಯಾಗಿಯೇ ಇತ್ತು, ಒಳಗಿನದು ಏಳುತ್ತಲೇ ಇರಲಿಲ್ಲ.

ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕೂತೆ. "ಸರಿಹೋಗೋವರೆಗೂ ಏಳಲ್ಲ."

"ಕೂತ್ಕೊಳ್ಳಿ. ಬೇಡ ಅಂದೋರ್ಯಾರು?"

ಮಾತು ಹಾಗಿದ್ದರೂ ಸ್ಕ್ರೀನನ್ನು ಚೂರು ನನ್ನ ಕಡೆಗೆ ತಿರುಗಿಸಿದರು. ನನಗೆ ಕಾಣುತ್ತದೆಯೇ ಎಂದು ಓರೆಗಣ್ಣಲ್ಲಿ ನೋಡಿದರು. ನಾನೂ ನೋಡಿದೆ. ತಕ್ಷಣ ಕನ್ನಡಕ ತೆಗೆದು, ಚೊಕ್ಕವಾಗಿದ್ದ ಗಾಜನ್ನೇ ಒರೆಸತೊಡಗಿದರು.

ಮೆಮೊರಿ ಹೆಚ್ಚಿಸಿದೆವು. ಏಳಲಿಲ್ಲ. ಹೈಪರ್‌ವೈಸರನ್ನೇ ಕಿತ್ತು ಹೊಸದಾಗಿ ಹಾಕಿದೆವು. ಊಹೂಂ. ಕೊನೆಗೆ ಅವರ ಕೈ ಸರಿಸಿ ನಾನೇ ಒಂದು ಕಮಾಂಡ್ ಹೊಡೆದೆ. ವಿದ್ಯಾರ್ಥಿಯ ಮಷಿನ್‌ಗೆ ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯ ಕಾಣುತ್ತಿದೆಯೇ ಎಂದು ಕೇಳುವ ಕಮಾಂಡ್ ಅದು. ಉತ್ತರ ಸೊನ್ನೆ ಬಂತು, ಅಂದರೆ ಇಲ್ಲ.

"ನೋಡಿದ್ರಾ? ಕೆಳಗಿನ ಸರ್ವರೇ ಅದನ್ನ ಒಳಗೆ ಬಿಡ್ತಿಲ್ಲ. ಇದನ್ನೂ ನನ್ ಹುಡುಗ್ರೇ ಮಾಡಿದ್ರಾ?"

ಅವರು ಸರ್ವರಿಗೇ ಲಾಗಿನ್ ಆದರು. ಆ ಸೆಟ್ಟಿಂಗ್ ನಿಜಕ್ಕೂ ಆಫ್ ಆಗಿತ್ತು. ಸರ್ವರ್ ಎಷ್ಟು ದಿನದಿಂದ ಓಡುತ್ತಿದೆ ಎಂದು ನೋಡಿದರು. ಹತ್ತೊಂಬತ್ತು ದಿನ.

"ಹತ್ತೊಂಬತ್ತು ದಿನದ ಹಿಂದೆ ಏನಿತ್ತು, ನೀವೇ ಹೇಳಿ."

ಆಯುಧಪೂಜೆ. ಸೇವಂತಿಗೆ, ಕುಂಕುಮ, ಬೂದುಗುಂಬಳ ತಂದವಳು ನಾನು. ಓಡುತ್ತಿರುವ ಸರ್ವರಿಗೆ ಎಂಥ ಪೂಜೆ, ವರ್ಷಕ್ಕೊಂದು ದಿನ ಅದಕ್ಕೂ ವಿಶ್ರಾಂತಿ ಬೇಡವೇ ಎಂದು ವಾದಿಸಿ, ಇವರು ಬೇಡವೆಂದರೂ ಆಫ್ ಮಾಡಿಸಿದವಳೂ ನಾನೇ.

"ಆ ಸೆಟ್ಟಿಂಗ್ ಆಗಸ್ಟ್‌ನಲ್ಲಿ ಕೈಯಾರೆ ಆನ್ ಮಾಡಿದ್ದೆ. ಸರ್ವರ್ ಆಫ್ ಆದ್ರೆ ಹೋಗುತ್ತೆ," ಎಂದರು.

"ಸೆಟ್ಟಿಂಗ್ ಫೈಲಲ್ಲಿ ಬರೆದಿಟ್ಟಿದ್ರೆ ಆಫ್ ಆದ್ರೂ ಹೋಗ್ತಿರ್ಲಿಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ?"

"ಗೊತ್ತು ಮಾರಾಯ್ತಿ. ಫೈಲ್ ಮುಟ್ಟಿದ್ರೆ ಓಂಕಾರಪ್ಪ ಸರ್‌ಗೆ ರಿಪೋರ್ಟ್ ಹೋಗುತ್ತೆ. ಹಳೇ ಸರ್ವರ್‌ನಲ್ಲಿ ಏನೂ ಬದಲಾಯಿಸ್ಬೇಡಿ ಅಂತ ಅವರ ಆರ್ಡರ್ ಇದೆ."

"ಆರ್ಡರ್ ಇದ್ರೂ ಮತ್ಯಾಕೆ ಆನ್ ಮಾಡಿದ್ರಿ?"

ಅವರ ಕಿವಿ ಕೆಂಪಾಯಿತು.

"ನಾನೂ ಅದನ್ನೇ ಕೇಳ್ತಿದ್ದೀನಿ." ಬಾಗಿಲಲ್ಲಿ ಓಂಕಾರಪ್ಪ ಸರ್ ನಿಂತಿದ್ದರು. "ಯಾರು ಹೇಳಿದ್ದು ಆನ್ ಮಾಡೋಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಜ್ಞಾನೇಶ್ ಎದ್ದು ನಿಂತರು. "ಯಾರೂ ಇಲ್ಲ ಸರ್. ನಾನೇ ಮಾಡಿದ್ದು."

"ಸರಿ. ಈಗ ಆನ್ ಮಾಡಿ, ಪರೀಕ್ಷೆ ನಡೀಲಿ. ಯಾಕೆ ಮಾಡಿದ್ರಿ ಅಂತ ವಿವರಣೆ ಬರೆದು ಇವತ್ತೇ ನನ್ನ ಟೇಬಲ್ ಮೇಲಿಡಿ." ಅವರು ಹೊರಟುಹೋದರು.

ಎಲ್ಲ ಮಷಿನ್‌ಗಳನ್ನೂ ನಿಲ್ಲಿಸಿ, ಸೆಟ್ಟಿಂಗ್ ಆನ್ ಮಾಡಿ, ಮತ್ತೆ ಎಬ್ಬಿಸಿದೆವು. ಒಳಗಿನ ಮಷಿನ್ ಎದ್ದು ಲಾಗಿನ್ ಕೇಳಿತು. ಖುಷಿಯಾಗಬೇಕಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು.

"ಆಗಸ್ಟ್‌ನಲ್ಲಿ ಈ ಲ್ಯಾಬ್ ಬೇಕು ಅಂತ ಕೇಳಿದ್ದು ನಾನು. ನನ್ನ ಹೆಸರು ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

"ಹೇಳಿದ್ರೆ ಪಟ್ಟೀಲಿ ನಿಮ್ಮ ಹೆಸರು ಉಳೀತಿತ್ತಾ?"

ಅಷ್ಟು ಹೇಳಿ ಬಿಳಿ ಹಾಳೆ ತೆಗೆದು ಬರೆಯಲು ಕೂತರು. ಕಾಲು ಗಂಟೆಯಾದರೂ ಪೆನ್ ಮುಂದೆ ಹೋಗಲಿಲ್ಲ. ತಡೆಯಲಾರದೆ ಹಾಳೆ ಕಸಿದುಕೊಂಡೆ. 'ಮಾನ್ಯರೇ' ಎಂಬುದರ ಕೆಳಗೆ ಒಂದೇ ಸಾಲಿತ್ತು. ಅದನ್ನೂ ಹೊಡೆದುಹಾಕಿದ್ದರು, ಆದರೆ ಓದಲು ಬರುತ್ತಿತ್ತು. 'ಇಂಪನಾ ಕೇಳಿದರು, ಅವರಿಗೆ ಇಲ್ಲ ಅನ್ನಲು ನನಗೆ ಬರುವುದಿಲ್ಲ.'

ಮೂರು ತಿಂಗಳಿಂದ ಈ ಮನುಷ್ಯ ನನಗೆ ಬರೀ 'ಆಗಲ್ಲ' ಎಂದೇ ಹೇಳಿದ್ದ. ಒಂದಾದರೂ ಕೆಲಸ ಆಗದೆ ಉಳಿದಿತ್ತೇ? ನೆನಪಿಸಿಕೊಂಡೆ. ಒಂದೂ ಇರಲಿಲ್ಲ.

"ಕೊಡಿ ಅದನ್ನ," ಎಂದರು, ನನ್ನ ಮುಖ ನೋಡದೆ.

"ಕೊಡಲ್ಲ." ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬೇರೆ ಹಾಳೆ ತೆಗೆದು ನಾನೇ ಬರೆದೆ. 'ಇಂಪನಾ ಕೋರಿಕೆಯಂತೆ, ವಿದ್ಯಾರ್ಥಿಗಳ ಲ್ಯಾಬ್‌ಗಾಗಿ, ಅನುಮತಿ ಪಡೆಯದೆ ಇಬ್ಬರೂ ಸೇರಿ ಮಾಡಿದ್ದೇವೆ.' ಕೆಳಗೆ ಸಹಿ ಹಾಕಿ ಪೆನ್ ಅವರತ್ತ ಚಾಚಿದೆ.

"ಹುಚ್ಚಾ ನಿಮಗೆ? ಕೆಲಸ ಹೋಗುತ್ತೆ."

"ಪಟ್ಟೀಲಿ ಹೆಸರು ಹೋದ್ರೆ ಹೋಗ್ಲಿ. ನಿಮ್ಮ ಹೆಸರಿನ ಪಕ್ಕ ಇರ್ಲಿ, ನನಗದು ಸಾಕು. ನನಗೆ ನೀವು ಬೇಕು ಜ್ಞಾನೇಶ್. ಬೇಗ ಸಹಿ ಹಾಕಿ, ಮತ್ತೆ ಜಗಳ ತೆಗೀಬೇಡಿ."

ಅವರು ನೇರವಾಗಿ ನನ್ನನ್ನೇ ನೋಡಿದರು. ಈ ಸಲ ಕನ್ನಡಕ ಒರೆಸಲಿಲ್ಲ. ಸಹಿ ಹಾಕಿದರು. ಹಾಳೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು, ಓಂಕಾರಪ್ಪ ಸರ್ ಕೋಣೆಗೆ ಹೋದೆವು.