ಮಾದರಿಗಂಧ

ತೈಲಘ್ರಾಣಿ ಯಂತ್ರವು ಆನೆಮರಿಯ ಸೊಂಡಿಲಿನಂಥ ಕೊಳವೆಯನ್ನು ಚಾಚಿ, ದೋಣಿ ನಿಲ್ಲುವ ದಕ್ಕೆಯಲ್ಲಿ ಸೇರಿದ್ದ ಮೀನುಗಾರ ಹೆಂಗಸರ ಖಾಲಿ ಬುಟ್ಟಿಗಳನ್ನು ಒಂದೊಂದಾಗಿ ಮೂಸಿತು.

"ಕುಡ್ದ್ ಬಂದ ಗಂಡನ್ನೂ ಹಿಡಿತ್ತಾ ಸರ್ ಇದು?" ಗುಲಾಬಿ ಕೇಳಿದಳು. ಎಲ್ಲರೂ ನಕ್ಕರು. ಅವಳ ಓರಗಿತ್ತಿ ಸುಮತಿ ನಗಲಿಲ್ಲ. ಗುಲಾಬಿ ಬಾಯಿ ತೆರೆದರೆ ಸಾಕು, ಜನ ನಗುತ್ತಾರೆ.

ವಿಜ್ಞಾನಿ ಇಂದುಶೇಖರ ವಿವರಿಸಿದರು: "ಮನುಷ್ಯರ ಮೂಗು ಸಾಕ್ಷಿಯಲ್ಲ ಎನ್ನುತ್ತದೆ ತೈಲ ಕಂಪನಿ. ತನ್ನ ತೈಲದ ಮಾದರಿಯನ್ನೂ ಕೊಡುವುದಿಲ್ಲ, ವ್ಯಾಪಾರದ ಗುಟ್ಟಂತೆ. ಆದ್ದರಿಂದ ಯಂತ್ರಕ್ಕೆ ಶುದ್ಧ ಮೀನಿನ ವಾಸನೆ ಕಲಿಸುತ್ತೇವೆ. ಅದೇ ಮಾದರಿಗಂಧ. ಅದಕ್ಕೆ ಹೊಂದಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಕಡಲಿನ ತೈಲಬಾವಿಯ ಸುತ್ತಲಿನ ಮೀನಿಗೆ ಕೆಂಪು ಬಂದರೆ ಬಾವಿ ಮುಚ್ಚಬೇಕೆಂದು ಒಪ್ಪಂದವಾಗಿದೆ."

ದಡದಿಂದಲೇ ಕಾಣುವ ಆ ವಿದೇಶಿ ತೈಲಬಾವಿ ಬಂದ ಮೇಲೆ ಏಡಿಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಸುಮತಿಯ ಗಂಡ ಚಂದುವಿನ ಕಾಲಿನ ಚರ್ಮ ಸುಲಿದು ಹೋಗಿತ್ತು. ಹುಟ್ಟು ಹಾಕುವ ಅವನ ಸಣ್ಣ ದೋಣಿ ಬಾವಿಯನ್ನು ದಾಟಲಾರದು. ಗುಲಾಬಿಯ ಗಂಡನಿಗೆ ಎಂಜಿನ್ ದೋಣಿಯಿತ್ತು.

"ಮಾದರಿಗೆ ಗುಲಾಬಿಯವರ ಮೀನೇ ಆಗಬೇಕು. ದೂರದ ನೀರಿನದು," ಎಂದರು ವಿಜ್ಞಾನಿ.

ಸುಮತಿ ತನ್ನ ಖಾಲಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಎಂಜಿನ್ ಗುಲಾಬಿಗೆ. ಅತ್ತೆಯ ಹೊಗಳಿಕೆ ಅವಳ ಮೀನಿನ ಸಾರಿಗೆ. ಈಗ ಶುದ್ಧ ಮೀನೂ ಅವಳದೇ!

ಮರುದಿನ ಹರಾಜಿನ ಗಡಿಬಿಡಿಯಲ್ಲಿ ಗುಲಾಬಿ ಕೂಗಿದಳು: "ಸುಮತೀ, ನನ್ನ್ ಬುಟ್ಟಿ ಸರ್‌ಗೆ ಕೊಟ್ಟಿಕ್ ಬಾ ಮಾರಾಯ್ತಿ."

ಐಸ್ ಮನೆಯ ಹಿಂದೆ ನಿಂತು ಸುಮತಿ ಎರಡೂ ಬುಟ್ಟಿಗಳನ್ನು ಮೂಸಿದಳು. ಗುಲಾಬಿಯದು ಸಪ್ಪೆ. ತನ್ನ ಬಂಗುಡೆಯಲ್ಲಿ ಕಡಲಿನ ಘಮವಿತ್ತು. ಮೀನನ್ನು ಅದಲುಬದಲು ಮಾಡಿದಳು. ಹೆಸರು ಅವಳದಾದರೂ ಆಗಲಿ, ಯಂತ್ರ ನೆನಪಿಟ್ಟುಕೊಳ್ಳುವುದು ತನ್ನ ಮೀನನ್ನು.

ಹುಟ್ಟಾ ಸಸ್ಯಾಹಾರಿಯಾದ ಇಂದುಶೇಖರ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬುಟ್ಟಿ ತೆಗೆದುಕೊಂಡರು.

ಪರೀಕ್ಷೆಯ ದಿನ ಬಾವಿಯ ಸುತ್ತಲಿನ ಬುಟ್ಟಿಗಳಿಗೆಲ್ಲ ಹಸಿರು ದೀಪ ಹತ್ತಿತು. ದೂರದ ನೀರಿನ ಗುಲಾಬಿಯ ಬುಟ್ಟಿಗೆ ಮಾತ್ರ ಕೆಂಪು.

"ಎಲ್ಲೋ ತಪ್ಪಾಗಿದೆ," ಇಂದುಶೇಖರ ತೊದಲಿದರು.

"ಯಂತ್ರ ನಿಮ್ಮದು, ಮಾದರಿಯೂ ನಿಮ್ಮದು," ಕಂಪನಿಯವನು ನಕ್ಕು ಕೈ ಕುಲುಕಿದ. ಇನ್ನೂ ಎರಡು ಬಾವಿಗೆ ಒಪ್ಪಿಗೆ ಸಿಕ್ಕಿತು.

ಜನ ಚದುರಿದರು. ಗುಲಾಬಿ ತನ್ನ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವಳ ಸುತ್ತ ನಗುವವರಿಲ್ಲದ್ದನ್ನು ಸುಮತಿ ನೋಡಿದ್ದು ಅದೇ ಮೊದಲು. ಸುಮತಿ ತನ್ನದೊಂದು ಬಂಗುಡೆಯನ್ನು ಎತ್ತಿ ಹಿಡಿದಳು.

"ಅಕ್ಕಾ, ಇದನ್ನ್ ಮೂಸಿ ಕಾಣ್. ಒಳ್ಳೆ ಕಡಲ ಪರಿಮಳ ಅಲ್ದಾ?"

ಗುಲಾಬಿ ಮೂಸಿ ಮುಖ ತಿರುಗಿಸಿದಳು. "ಚಿಮ್ಣಿ ಎಣ್ಣಿ ನಾತ! ನಿಂಗ್ ಗೊತ್ತಾತಿಲ್ಯಾ ಹೆಣೆ?"

ಸುಮತಿ ಮೀನನ್ನು ಮೂಗಿಗೆ ಒತ್ತಿ ಉಸಿರೆಳೆದಳು. ಮತ್ತೆ ಎಳೆದಳು. ಅದೇ ಕಡಲಿನ ಘಮ. ತನ್ನ ಅಡುಗೆಮನೆಯದು, ಚಂದುವಿನ ಅಂಗಿಯದು, ತನ್ನ ಹಾಸಿಗೆಯದು.

ಗುಲಾಬಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಆ ಮೂಗನ್ನು ಕಂಡು ಸುಮತಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.