ಐದನೇ ನಡೆ

ತಡಾಲಾಳ ತಪ್ಪನ್ನು ತಡಾಲಾಗೆ ಹೇಳುವವರು ಯಾರೂ ಇರಲಿಲ್ಲ.

ಶಿರೆ ನದಿಯ ರಕ್ಷಣಾ ದೋಣಿ ತಂಡಗಳ ಮುಖ್ಯಸ್ಥರಿಗೆ ಪ್ರವಾಹದ ತರಬೇತಿ ಆಟದಲ್ಲೇ ನಡೆಯುತ್ತಿತ್ತು. ಬಟ್ಟೆಯ ಮೇಲೆ ಬರೆದ ನದಿ. ದೋಣಿಗೆ ಬಾಟಲಿ ಮುಚ್ಚಳ, ಜನಕ್ಕೆ ಮೆಕ್ಕೆಜೋಳದ ಕಾಳು, ಪೆಟ್ರೋಲಿಗೆ ಬೆಂಕಿಕಡ್ಡಿ. ಆಟ ಮುಗಿದ ಮೇಲೆ ತರಬೇತಿಯ ಮೇಷ್ಟ್ರಾದ ಯಾಮಿಕಾನಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮುಚ್ಚಳವನ್ನು ತಪ್ಪಿದ ನಡೆಗೆ ಹಿಂದಿಟ್ಟು, "ಇಲ್ಲಿ ಕೆಟ್ಟಿತು. ಮತ್ತೆ ಆಡು" ಅನ್ನುತ್ತಿದ್ದ. ಎದುರು ದಡದ ತಂಡದ ಮುದುಕ ಜೂಜೆಯನ್ನು ಒಂದೇ ನಡೆಗೆ ಏಳು ಸಲ ಕೂರಿಸಿದ್ದ.

ತಡಾಲಾ ಎದುರು ಕೂತರೆ ಮಾತ್ರ ಯಾಮಿಕಾನಿಯ ಕಣ್ಣು ನಕ್ಷೆಯ ಮೇಲೆ ನಿಲ್ಲುತ್ತಿರಲಿಲ್ಲ. ಕಾಳು ಎಣಿಸುವಾಗ ಅವಳು ತುಟಿ ಕಚ್ಚುತ್ತಿದ್ದಳು. ಅಷ್ಟಕ್ಕೇ ಅವನಿಗೆ ಮಾತು ಮರೆಯುತ್ತಿತ್ತು.

"ಹೇಗಿತ್ತು, ಮೇಷ್ಟ್ರೇ?"

"ಚೆನ್ನಾಗಿತ್ತು."

"ಅಷ್ಟೇನಾ?"

"ತುಂಬಾ ಚೆನ್ನಾಗಿತ್ತು."

ಜೂಜೆ ಕೆಮ್ಮಿದ. "ನಮಗೆ ಬೈಗುಳ, ಇವಳಿಗೆ ನಗು. ಏನಮ್ಮಾ, ಮೇಷ್ಟ್ರು ನಕ್ಷೆ ನೋಡ್ತಾರೋ, ನಿನ್ನ ಮೂಗು ನೋಡ್ತಾರೋ?"

ತಡಾಲಾ ನಕ್ಕಳು. ಅವಳಿಗೂ ಹಿತವಾಗಿತ್ತು.

ಫೆಬ್ರುವರಿಯಲ್ಲಿ ನಿಜವಾದ ನೀರು ಬಂತು. ಆಟದಲ್ಲಿ ಆಡಿದಂತೆಯೇ ತಡಾಲಾ ಎರಡೂ ದೋಣಿಗಳನ್ನು ಹೊಳೆಯ ಕೆಳಗಿನ ದೊಡ್ಡ ಊರಿಗೆ ಕಳಿಸಿದಳು. ಜನರನ್ನು ತುಂಬಿಕೊಂಡು ಸೆಳೆತಕ್ಕೆ ಎದುರಾಗಿ ಬರುವಾಗ ಪೆಟ್ರೋಲ್ ಮುಗಿಯಿತು. ಹತ್ತಿರದಲ್ಲೇ ಇದ್ದ ಮಕುತಾ ಎಂಬ ಪುಟ್ಟ ಹಳ್ಳಿಗೆ ದೋಣಿ ಹೋಗಲೇ ಇಲ್ಲ. ಎದುರು ದಡದಲ್ಲಿ ಜೂಜೆ ಒಬ್ಬರನ್ನೂ ಕಳೆದುಕೊಳ್ಳಲಿಲ್ಲ.

ಒಂಬತ್ತನೇ ದಿನ ಅವಳು ತರಬೇತಿ ಕೋಣೆಗೆ ಬಂದಳು. ಉಟ್ಟ ಬಟ್ಟೆಯಲ್ಲಿ ಇನ್ನೂ ಕೆಸರಿತ್ತು. ನಕ್ಷೆಯನ್ನು ಮೇಜಿನ ಮೇಲೆ ಕೊಡವಿ ಹರಡಿದಳು.

"ಐದನೇ ನಡೆ. ವಾಪಸ್ ಬರೋಕೆ ಕಡ್ಡಿ ಉಳಿಸ್ಲಿಲ್ಲ ನಾನು. ನೀವು ನೋಡಿದ್ರಾ?"

"ನೋಡಿದ್ದೆ."

"ಎಷ್ಟು ಸಲ?"

"ನಾಲ್ಕು."

"ಬಾಯಲ್ಲಿ ನಾಲಿಗೆ ಇರ್ಲಿಲ್ವಾ?"

"ನಿನ್ನ ಮುಖ ಸಪ್ಪಗಾದ್ರೆ ನೋಡೋಕಾಗ್ತಿರ್ಲಿಲ್ಲ. ನೀನಂದ್ರೆ ನಂಗೆ ಪ್ರಾಣ, ತಡಾಲಾ. ಈಗಲೂ."

"ಜೂಜೆಯಣ್ಣ ಪ್ರಾಣ ಅಲ್ವಲ್ಲ, ಅದಕ್ಕೇ ಅವನಿಗೆ ಕಲಿಸಿದ್ರಿ! ನಂಗೇನು ಕೊಟ್ರಿ? ನೀವು 'ಚೆನ್ನಾಗಿತ್ತು' ಅಂದ ದಿನ ದಾರಿಯುದ್ದಕ್ಕೂ ನಗ್ತಾ ಮನೆಗೆ ಹೋಗ್ತಿದ್ದೆ. ನಂಗೂ ನೀವು ಬೇಕಾಗಿದ್ರಿ. ಥೂ!"

ಅವನು ಕೈ ಚಾಚಿದ. ಅವಳು ಆ ಅಂಗೈಯಲ್ಲಿ ಬಾಟಲಿ ಮುಚ್ಚಳ ಇಟ್ಟಳು.

"ಹೇಳಿ. ಎಲ್ಲಿ ಕೆಟ್ಟಿತು?"

ಅವನು ಮುಚ್ಚಳವನ್ನು ಐದನೇ ನಡೆಗೆ ಹಿಂದಿಟ್ಟ. ಹೇಳಲು ಶುರುಮಾಡಿದ. ಅವಳು ತುಟಿ ಕಚ್ಚಿ ಕೇಳಿದಳು, ಆಡಿದಳು, ಸೋತಳು, ಮತ್ತೆ ಆಡಿದಳು. ಅವನು ನಕ್ಷೆಯಿಂದ ಕಣ್ಣೆತ್ತಲಿಲ್ಲ. ಮೂರನೇ ಸಲಕ್ಕೇ ಮಕುತಾದ ಕಾಳುಗಳೆಲ್ಲ ದಡ ಸೇರಿದವು.

ಮೂರೇ ಸಲ. ಅವಳು ಅಳಲು ಶುರುಮಾಡಿದ್ದು ಆಗ.

"ನಾಳೆ ಬರ್ತೀಯಾ?" ಎಂದ ಅವನು.

"ಆಟಕ್ಕೆ ಬರ್ತೀನಿ. ನಿಮಗಲ್ಲ."

ಮಕುತಾದಲ್ಲಿ ಹೋದದ್ದು ಮೂವರು ಮನುಷ್ಯರು, ನಲವತ್ತೊಂದು ಮೇಕೆ, ಹತ್ತೊಂಬತ್ತು ಮನೆ.