ಹೀರೆ ಬುಡದ ಕೆಂಗಣ್ಣಿನ ನೊಣ

ಉಡಿಕೆಯ ದಿನ ಬೆಳಿಗ್ಗೆ ದೇವರ ಜಗಲಿ ಮೇಲಿನ ಡಬ್ಬಿ ತೆಗೆದರೆ ತಾಳಿ ಮಾಯ.

ಆವರಗೆರೆಯ ಜಂಬಯ್ಯ ಮಗಳು ನೀಲಕ್ಕನಿಗೆ ಹರಿಹರದ ಮಾಳಿಂಗಪ್ಪನ ಜೊತೆ ಎರಡನೇ ಸಂಬಂಧ, ಅಂದರೆ ಉಡಿಕೆ, ಗೊತ್ತುಮಾಡಿದ್ದ. ಅವಳ ಗಂಡ ಸೂರಪ್ಪ ಪುಣೆ ರೈಲು ಹತ್ತಿ ಹೋದವನು, ವರ್ಷಗಳಾದರೂ ಸುದ್ದಿಯಿಲ್ಲ. ಹಳೇ ತಾಳಿಯನ್ನು ಗಂಡನ ಮನೆಗೆ ಮುಟ್ಟಿಸದೆ ಉಡಿಕೆ ಸೀರೆ ಉಡಿಸುವಂತಿಲ್ಲ, ಅವರ ಪೈಕಿ ಪದ್ಧತಿ ಹಾಗೆ. ನೀಲಕ್ಕ ವಾರದ ಹಿಂದೆಯೇ ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದ್ದಳು.

ಜಂಬಯ್ಯ ಸೂರಪ್ಪನ ತಮ್ಮ ಬೋರಣ್ಣನನ್ನು ಠಾಣೆಗೆ ಎಳೆದು ತಂದ. ಅತ್ತಿಗೆ ಬೇರೆ ಮನೆ ಸೇರೋದು ಬೋರಣ್ಣನಿಗೆ ಬೇಕಿರಲಿಲ್ಲ, ಮೊನ್ನೆ ಬಂದು ಜಗಳ ಆಡಿಹೋಗಿದ್ದ. ದಫೇದಾರ ಹುಲಿಯಪ್ಪನಾದ ನಾನು, ಕಳ್ಳ ಸಿಕ್ಕ ಅಂತ ಲಾಕಪ್ಪಿಗೆ ನೂಕಿದೆ.

\*

ನಮ್ಮ ಸಬ್‌ಇನ್ಸ್‌ಪೆಕ್ಟರ್ ಕೆಂಚಣ್ಣನವರು ಒಪ್ಪಬೇಕಲ್ಲ. ಅವರಿಗೆ ನೊಣದ ಹುಚ್ಚು. ಬೇರೆಯವರು ಕೆಲಸ ಇಲ್ಲದಾಗ ನೊಣ ಹೊಡೆದರೆ, ಇವರು ಕೆಲಸ ಬಿಟ್ಟು ನೊಣ ಹಿಡೀತಾರೆ. ಜಂಬಯ್ಯನ ಹಿತ್ತಲಿಗೆ ಹೋದವರೇ ಭೂತಗನ್ನಡಿ ಹಿಡಿದು ಹೀರೆ ಬಳ್ಳಿ ಬುಡದಲ್ಲಿ ಕೂತುಬಿಟ್ಟರು. ನನಗೋ ಮೈಯೆಲ್ಲ ಉರಿ.

"ಹುಲಿಯಪ್ಪ, ಕಾಯಿ ಮ್ಯಾಲಿರೋದಕ್ಕೆ ಕಣಜದಂಗೆ ಪಟ್ಟೆ ಐತೆ, ಅದು ಹೀರೆ ನೊಣ. ಬುಡದಾಗಿನ ಸಣ್ಣದಕ್ಕೆ ಕೆಂಪು ಕಣ್ಣು. ಇದು ಹಸಿ ಕಾಯಿ ಮೂಸಲ್ಲ. ಹುಳಿ ಬಂದ ಸಿಹಿ ಹುಡುಕ್ಕಂಡು ಬರ್ತೈತೆ. ಅಗಿ."

ಅಗೆದೆ. ಸಣ್ಣ ಗಡಿಗೆ ಸಿಕ್ಕಿತು. ಬಳ್ಳಿಗೆ ಹಾಕಿದ ನೀರು ಇಳಿದು ಒಳಗಿನ ಬೆಲ್ಲ ಕರಗಿ ಹುಳಿಯಾಗಿತ್ತು. ಬೆಲ್ಲದೊಳಗೆ ತಾಳಿ!

\*

ಬೋರಣ್ಣನೇ ಹೂತಿದ್ದು ಅಂದ ಜಂಬಯ್ಯ. ಕೆಂಚಣ್ಣನವರು ಅಲ್ಲ ಅಂತ ತಲೆ ಆಡಿಸಿದರು. ಕದ್ದವನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗ್ತಾನೆ, ಕದ್ದ ಮನೆಯ ಹಿತ್ತಲಲ್ಲೇ ಯಾಕೆ ಹೂಳ್ತಾನೆ? ಆಮೇಲೆ ಗಡಿಗೆ ಯಾರದು ಅಂತ ಕೇಳಿದರು.

ನೀಲಕ್ಕನ ತಾಯಿ ಮರುಳಸಿದ್ದಮ್ಮ ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. ಸೂರಪ್ಪ ಬಂದ ದಿನ ಹೋಳಿಗೆ ಮಾಡಬೇಕು ಅಂತ ಮಗಳು ಎತ್ತಿಟ್ಟ ಬೆಲ್ಲವಂತೆ ಅದು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲವಂತೆ. ಬಳ್ಳಿಗೆ ನೀರು ಹಾಕುವವಳೂ ನೀಲಕ್ಕನೇ.

"ನಾನೇ ಇಟ್ಟೆ, ಬೋರಣ್ಣನ್ನ ಬಿಡ್ರಿ," ಅಂದಳು ನೀಲಕ್ಕ. "ತಾಳಿ ಅವರ ಮನಿಗೆ ಮುಟ್ಟಿದ್ರೆ ನಾನು ಕಾಯೋದು ಮುಗೀತು. ನನಗೆ ಇನ್ನೂ ಕಾಯಬೇಕನ್ನಿಸ್ತೈತಿ."

ಜಂಬಯ್ಯ ತಾಳಿ ತೊಳೆದು ತಂದು ಮಗಳ ಕೈಗಿಟ್ಟ. ಉಡಿಕೆ ಬ್ಯಾಡ ಅಂತ ಹರಿಹರಕ್ಕೆ ಹೇಳಿ ಕಳಿಸಿದ.

ಸಂಜೆ ಬೋರಣ್ಣನನ್ನು ಲಾಕಪ್ಪಿನಿಂದ ಬಿಟ್ಟು ನಾನೇ ಜಂಬಯ್ಯನ ಮನೆಗೆ ಕರೆತಂದೆ. ನೀಲಕ್ಕ ಬಾಗಿಲಿಗೆ ಬಂದಳು, ಕೊರಳಲ್ಲಿ ತಾಳಿ ಇತ್ತು. ಮೈದುನನ ಮುಖ ನೋಡಲಾರದೆ ತಲೆ ತಗ್ಗಿಸಿ ಹೇಳಿದಳು:

"ಪ್ಯಾಟಿಗೆ ಹೋದ್ರೆ ಬೆಲ್ಲ ತಾರಪ್ಪ. ಹಳೇದು ಹುಳಿ ಆತು."